ಟೈರಿನ ಮೇಲಿನ ಆ ನಾಲ್ಕು ಅಂಕಿ ಓದದೆ ದುಡ್ಡು ಕೊಡಬೇಡಿ

ಬೈಕಿಗೆ ಹೊಸ ಟೈರ್ ಹಾಕಿಸಲು ಹೊರಟಿದ್ದೀರಾ? ಅದರಲ್ಲೂ ವಾರವೆಲ್ಲ ಕೆಲಸಕ್ಕೆ ಓಡಾಡಿ, ರಜೆ ದಿನ ಬೆಟ್ಟದ ತಿರುವುಗಳಲ್ಲಿ ಸ್ವಲ್ಪ ಜೋರಾಗಿ ಓಡಿಸುವವರಾ? ಹಾಗಿದ್ದರೆ ದಯವಿಟ್ಟು ಇದನ್ನು ಓದಿ. ನಾನು ಮೋಸ ಹೋದೆ. ಬರೆಯಲು ನಾಚಿಕೆಯಾಗುತ್ತಿದೆ, ಯಾಕೆಂದರೆ ಗೆಳೆಯರಲ್ಲಿ ಯಾರಿಗೆ ಟೈರ್ ಬೇಕಾದರೂ ಮೊದಲು ನನ್ನನ್ನೇ ಕೇಳುತ್ತಾರೆ. ಹತ್ತು ವರ್ಷದಿಂದ ಬೈಕ್ ಓಡಿಸುತ್ತಿದ್ದೇನೆ. ಆದರೂ ಮೋಸ ಹೋದೆ.

ನನಗೆ ಬೇಕಿದ್ದದ್ದು ಏನು ಅಂತ ಅಂಗಡಿಯವನಿಗೆ ಬಿಡಿಸಿ ಹೇಳಿದ್ದೆ. ದಿನಾ ಸಿಗ್ನಲ್, ಟ್ರಾಫಿಕ್, ಮಳೆ ಬಂದರೂ ಬೈಕೇ. ತಿಂಗಳಲ್ಲಿ ಎರಡು ಸಲ ಬೆಟ್ಟ. ಇಂಥ ಓಡಾಟಕ್ಕೆ ಅಂತಲೇ ಸ್ಪೋರ್ಟ್ ಟೂರಿಂಗ್ ಟೈರ್‌ಗಳಿವೆ. ಮಿಶೆಲಿನ್ ರೋಡ್, ಪಿರೆಲ್ಲಿ ಏಂಜೆಲ್ ಜಿಟಿ, ಮೆಟ್ಜೆಲರ್ ರೋಡ್‌ಟೆಕ್ ಎಲ್ಲ ಆ ಸಾಲಿನವೇ. ಹೆಚ್ಚಿನವುಗಳಲ್ಲಿ ನಡುವಿನ ರಬ್ಬರ್ ಗಟ್ಟಿ, ನೇರ ರಸ್ತೆಯಲ್ಲಿ ಬೇಗ ಸವೆಯುವುದಿಲ್ಲ. ಅಂಚಿನ ರಬ್ಬರ್ ಮೆತ್ತಗೆ, ಬಾಗಿಸಿದಾಗ ರಸ್ತೆಯನ್ನು ಹಿಡಿಯುತ್ತದೆ. ಅಂಥದ್ದೇ ಕೊಡಿ ಅಂದೆ.

ಅವನು ನಕ್ಕ. "ಅದೆಲ್ಲ ವಯಸ್ಸಾದವರು ಹಾಕಿಸೋದು ಸರ್. ನೀವು ಬೆಟ್ಟದಲ್ಲಿ ಓಡಿಸೋರು. ಇದನ್ನ ನೋಡಿ, ರೇಸ್ ಟ್ರ್ಯಾಕ್ ಟೈರು, ರಸ್ತೆಗೂ ಆಗುತ್ತೆ. ಒಂದೇ ಜೋಡಿ ಉಳಿದಿದೆ."

ಆ ಹೊಗಳಿಕೆಗೆ ನಾನು ಕರಗಿಹೋದೆ. ಒಂದೇ ಜೋಡಿ ಉಳಿದಿದೆ ಅಂದಾಗಲೇ ಯಾಕೆ ಉಳಿದಿದೆ ಅಂತ ಕೇಳಬೇಕಿತ್ತು, ಕೇಳಲಿಲ್ಲ. ಟೈರ್ ಕಪ್ಪಗೆ ಮಿರಮಿರ ಹೊಳೆಯುತ್ತಿತ್ತು. "ಒಳಗೆ ಫ್ಯಾನ್ ಕೆಳಗೆ ಕೂತ್ಕೊಳ್ಳಿ ಸರ್, ಅರ್ಧ ಗಂಟೆ" ಅಂದ. ಕೂತೆ. ಹೊರಗೆ ಬರುವಷ್ಟರಲ್ಲಿ ಎರಡೂ ಟೈರ್ ರಿಮ್ಮಿಗೆ ಕೂತಾಗಿತ್ತು. ಬಿಲ್ಲಿನಲ್ಲಿ ಬರೀ ಅಳತೆ, 120/70 ಮತ್ತು 180/55. ಬೇರೇನೂ ಇಲ್ಲ.

ಮೂರನೇ ದಿನ ಬೆಳಿಗ್ಗೆ ಚಳಿಯಲ್ಲಿ ಒಂದು ಸರ್ಕಲ್ ಸುತ್ತುವಾಗ ಹಿಂದಿನ ಚಕ್ರ ಸರಕ್ ಅಂತ ಜಾರಿತು. ಎರಡನೇ ಗೇರ್, ನಿಧಾನ, ಒಣ ರಸ್ತೆ. ಫೋನ್ ಮಾಡಿದೆ. "ಹೊಸ ಟೈರ್ ಸರ್, ಮೇಲಿನ ನುಣುಪು ಹೋಗಬೇಕು, ಸ್ವಲ್ಪ ಓಡಿಸಿ" ಅಂದ. ಈ ಮಾತಿನಲ್ಲಿ ನಿಜ ಇದೆ. ಯಾವ ಹೊಸ ಟೈರ್ ಆದರೂ ಮೊದಲ ನೂರಿನ್ನೂರು ಕಿಲೋಮೀಟರ್ ಜೋಪಾನವಾಗಿಯೇ ಓಡಿಸಬೇಕು. ಅದು ನನಗೂ ಗೊತ್ತು. ಅದಕ್ಕೇ ನಂಬಿದೆ.

ಐನೂರು ಕಿಲೋಮೀಟರ್ ಆಯಿತು. ಜಾರುವುದು ನಿಲ್ಲಲಿಲ್ಲ. ಮತ್ತೆ ಫೋನ್. ಈ ಸಲ "ಗಾಳಿ ಜಾಸ್ತಿ ಆಗಿದೆ ಸರ್, 28ಕ್ಕೆ ಇಳಿಸಿ, ರೇಸಿನವರೆಲ್ಲ ಹಾಗೇ ಮಾಡೋದು" ಅಂದ. ನನ್ನ ಬೈಕಿನ ಸ್ಟಿಕ್ಕರ್ ಮೇಲೆ ಮುಂದೆ 36, ಹಿಂದೆ 42 ಅಂತ ಅಚ್ಚಾಗಿದೆ. ರೇಸಿನವರು ಟೈರಿಗೆ ಬಿಸಿ ಹೊದಿಕೆ ಸುತ್ತಿ, ಕಾಯಿಸಿ, ಟ್ರ್ಯಾಕಿಗಾಗಿ ಗಾಳಿ ಇಳಿಸುತ್ತಾರೆ. ಟ್ರಾಫಿಕ್ಕಿನಲ್ಲಿ ಓಡಾಡುವವನಿಗೂ ಅದಕ್ಕೂ ಏನು ಸಂಬಂಧ? ಗೊತ್ತಿದ್ದೂ ಇಳಿಸಿದೆ. ಹ್ಯಾಂಡಲ್ ಭಾರವಾಯಿತು, ಬೈಕ್ ತಿರುಗಲು ಒಲ್ಲೆ ಅನ್ನುತ್ತಿತ್ತು. ಮರುದಿನವೇ ವಾಪಸ್ ತುಂಬಿಸಿದೆ.

ಆಮೇಲೆ ಆ ಭಾನುವಾರ. ಬೆಟ್ಟದಲ್ಲಿ ಎಡಕ್ಕೆ ಒಂದು ಉದ್ದದ ತಿರುವು, ನೂರು ಸಲ ಹೋಗಿರುವ ಜಾಗ. ತಿರುವು ಬಿಚ್ಚಿಕೊಳ್ಳುವಲ್ಲಿ ಮೆಲ್ಲಗೆ ಆಕ್ಸಿಲರೇಟರ್ ಕೊಟ್ಟೆ, ಅಷ್ಟೇ. ಹಿಂದಿನ ಚಕ್ರ ಹೊರಕ್ಕೆ ಹೋಯಿತು, ಬೈಕ್ ಒಮ್ಮೆ ಒದರಿತು, ನನ್ನ ಬೂಟು ರಸ್ತೆಗೆ ಬಡಿಯಿತು. ಬೀಳಲಿಲ್ಲ. ಎದುರಿಗೆ ಗಾಡಿ ಬರಲಿಲ್ಲ, ಅದು ನನ್ನ ಪುಣ್ಯ. ಹಿಂದೆ ಬರುತ್ತಿದ್ದ ಗೆಳೆಯ ಪಕ್ಕಕ್ಕೆ ನಿಲ್ಲಿಸಿ "ಏನಾಯ್ತೋ?" ಅಂದ. ಉತ್ತರ ಕೊಡಲು ಆಗಲಿಲ್ಲ, ಕೈ ನಡುಗುತ್ತಿತ್ತು.

ಸಂಜೆ ಮನೆಗೆ ಬಂದು ಚೈನಿಗೆ ಎಣ್ಣೆ ಹಾಕಲು ನೆಲದ ಮೇಲೆ ಕೂತಿದ್ದೆ. ಚೈನಿನ ಪಕ್ಕ, ಟೈರಿನ ಬದಿಯಲ್ಲಿ ಡಿಒಟಿ ಅಂತ ಕಾಣಿಸಿತು, ತಯಾರಿಕೆಯ ಸಂಕೇತ ಶುರುವಾಗುವುದು ಈ ಅಕ್ಷರಗಳಿಂದಲೇ. ಬಟ್ಟೆಯಿಂದ ಒರೆಸಿದೆ. ಬಟ್ಟೆಗೆ ಕಪ್ಪು ಪಾಲಿಶ್ ಹತ್ತಿತು. ಮತ್ತೆ ಒರೆಸಿದೆ. ಕೊನೆಯಲ್ಲಿ ಮೊಟ್ಟೆಯಾಕಾರದ ಗೆರೆಯೊಳಗೆ ನಾಲ್ಕು ಅಂಕಿ: 3817.

ಮೊದಲೆರಡು ಅಂಕಿ ಟೈರ್ ತಯಾರಾದ ವಾರ, ಕೊನೆಯೆರಡು ವರ್ಷ. 2017ರ 38ನೇ ವಾರ. ನಾನು ಕೊಂಡದ್ದು 2024ರಲ್ಲಿ! ಹೊಸದು ಅಂತ, ಪೂರ್ತಿ ಬೆಲೆ ಕೊಟ್ಟು! ಮೊಬೈಲ್ ಬೆಳಕು ಹಿಡಿದು ಮೂರು ಸಲ ಓದಿದೆ. ಪಾಲಿಶ್ ಹೋದ ಕಡೆ ಗೆರೆಗಳ ತಳದಲ್ಲಿ ಕೂದಲೆಳೆಯಂಥ ಬಿರುಕು. ಉಗುರಿನಿಂದ ಒತ್ತಿದರೆ ರಬ್ಬರಿನ ಮೇಲೆ ಗುರುತೇ ಬೀಳುತ್ತಿಲ್ಲ. ಗೆಳೆಯರಿಗೆಲ್ಲ ತೋರಿಸಿಕೊಂಡು ತಿರುಗಿದ್ದೆನಲ್ಲ, ಅದೇ ಟೈರು.

ಮರುದಿನ ಅಂಗಡಿಗೆ ಹೋದೆ. ಅವನು ಕೊಟ್ಟ ಉತ್ತರಗಳನ್ನು ಹಾಗೇ ಬರೆಯುತ್ತೇನೆ.

"ಟೈರ್ ಏನು ಹಾಲಾ ಸರ್, ಒಡೆದು ಹೋಗೋಕೆ?"

ನೋಡಿ, ಒಂದೆರಡು ವರ್ಷ ನೆರಳಲ್ಲಿ ಚೆನ್ನಾಗಿ ಇಟ್ಟ ಟೈರಾದರೆ ನಾನು ಜಗಳ ತೆಗೆಯುತ್ತಿರಲಿಲ್ಲ. ಇದು ಏಳು ವರ್ಷದ ಹತ್ತಿರ ಬಂದದ್ದು. ಹಾಗಂದೆ. "ನೀವೇ ನೋಡಿ ತಗೊಂಡಿದ್ದಲ್ವಾ" ಅಂದ. ಬದಲಾಯಿಸಿ ಕೊಡಿ ಅಂದರೆ "ರಿಮ್ಮಿಗೆ ಏರಿಸಿದ ಮೇಲೆ ವಾಪಸ್ ಇಲ್ಲ ಸರ್." ಜಾರಿ ಬೀಳುವುದರಲ್ಲಿದ್ದೆ ಅಂತ ಹೇಳಿದಾಗ, ಅಲ್ಲಿದ್ದ ನಾಲ್ಕು ಜನ ಗಿರಾಕಿಗಳ ಎದುರಿಗೆ, "ಬಾಗಿಸೋಕೆ ಬರದೇ ಇದ್ರೆ ಟೈರ್ ಏನು ಮಾಡುತ್ತೆ?" ಅಂದ. ದುಡ್ಡು ಹೋದದ್ದಕ್ಕಿಂತ ಈ ಮಾತು ಜಾಸ್ತಿ ಉರಿಯುತ್ತಿದೆ. ಈಗಲೂ.

ಇನ್ನೊಂದು ಮಾತು. ಅದು ಹಳೆಯದಾಗಿರದೆ ಇದ್ದರೂ ನನಗೆ ಹೊಂದುವ ಟೈರ್ ಆಗಿರಲಿಲ್ಲ. ಟ್ರ್ಯಾಕ್ ಟೈರ್ ಚೆನ್ನಾಗಿ ಕಾದರೆ ಮಾತ್ರ ಹಿಡಿಯುತ್ತದೆ, ಸಿಗ್ನಲ್‌ನಿಂದ ಸಿಗ್ನಲ್‌ಗೆ ಹೋಗುವಾಗ ಅದು ಕಾಯುವುದೇ ಇಲ್ಲ. ಗೆರೆ ಕಡಿಮೆ, ಮಳೆ ನೀರು ಹೊರಗೆ ಹೋಗಲು ದಾರಿ ಸಾಲದು. ಮೆತ್ತನೆಯ ರಬ್ಬರ್ ದಿನದ ಓಡಾಟದಲ್ಲಿ ನಡುವೆ ಸವೆದು ಚಪ್ಪಟೆಯಾಗುತ್ತದೆ, ಆಮೇಲೆ ತಿರುವಿನಲ್ಲಿ ಬೈಕ್ ಮೊದಲು ಬಾಗಲು ಒಲ್ಲದೆ ಆಮೇಲೆ ಒಮ್ಮೆಲೇ ಒಳಕ್ಕೆ ಬೀಳುತ್ತದೆ. ನಾವು ರಸ್ತೆಯಲ್ಲಿ ಬಾಗಿಸುವಷ್ಟಕ್ಕೆ ಒಳ್ಳೆಯ ಸ್ಪೋರ್ಟ್ ಟೂರಿಂಗ್ ಟೈರ್ ಧಾರಾಳ ಸಾಕು. ಈಗ ಬೇರೆ ಕಡೆ ಅದನ್ನೇ ಹಾಕಿಸಿದ್ದೇನೆ. ಮೊನ್ನೆ ಅದೇ ಎಡ ತಿರುವಿನಲ್ಲಿ ಬೈಕ್ ಹಳಿಯ ಮೇಲೆ ಹೋದ ಹಾಗೆ ಹೋಯಿತು. ಕಣ್ಣಲ್ಲಿ ನೀರು ಬಂತು, ನಿಜವಾಗಿ.

ಆದ್ದರಿಂದ, ಟೈರ್ ರಿಮ್ಮಿಗೆ ಏರುವ ಮೊದಲೇ ಕೈಗೆ ತಗೊಂಡು ತಾರೀಖು ಓದಿ. ಎರಡೂ ಬದಿ ನೋಡಿ, ಆ ನಾಲ್ಕು ಅಂಕಿ ಒಂದೇ ಬದಿಯಲ್ಲಿ ಇರಬಹುದು, ಏರಿಸಿದ ಮೇಲೆ ಚೈನಿನ ಹಿಂದೆ ಅಡಗಿಕೊಳ್ಳುತ್ತದೆ. ಮುಂದಿನದು ಬೇರೆ, ಹಿಂದಿನದು ಬೇರೆ, ಎರಡನ್ನೂ ಓದಿ. ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಬರೆಯಲ್ಲ ಅಂದರೆ ಎದ್ದು ಬನ್ನಿ. ಟೈರ್ ಹೊಳೆಯುತ್ತಿದ್ದರೆ ಮೊದಲು ಒರೆಸಿ. ಫ್ಯಾನ್ ಕೆಳಗೆ ಕೂರಬೇಡಿ, ಕೆಲಸ ಮಾಡುವವನ ಪಕ್ಕದಲ್ಲೇ ನಿಲ್ಲಿ.

ಹೋದ ವಾರ ಆ ಅಂಗಡಿಯಿಂದಲೇ ಫೋನ್ ಬಂತು. "ಆ ಟೈರ್ ಬಿಚ್ಚಿಸಿದ್ರಂತೆ. ಇನ್ನೂ ಹೊಸದರ ಹಾಗೇ ಇರುತ್ತೆ, ಕೊಡಿ ಸರ್, ತಗೊಳ್ಳೋರು ಇದ್ದಾರೆ." ಫೋನ್ ಇಟ್ಟವನೇ ಚಾಕು ತಗೊಂಡು ಎರಡೂ ಟೈರಿನ ಬದಿಯನ್ನು ಉದ್ದಕ್ಕೆ ಸೀಳಿ ಗುಜರಿಗೆ ಹಾಕಿಬಂದೆ.