ಗಲೆಟ್ ಬದಲಿಸುವ ಜೀನು: ಕೆಲವು ವರ್ಷ ಬಳಸಿದ ಮೇಲೆ

ಮುಂಭಾಗದ ಲೋಹದ ಪಟ್ಟಿ, ಅಂದರೆ ಗಲೆಟ್ ಪ್ಲೇಟ್, ಬಿಚ್ಚಿ ಬೇರೆ ಅಗಲದ್ದನ್ನು ಹಾಕಿಕೊಳ್ಳಬಹುದಾದ ಸಿಂಥೆಟಿಕ್ ಕುದುರೆ ಜೀನು ಇದು. ಕೆಳಗಿನ ಪ್ಯಾನೆಲ್‌ಗಳಲ್ಲಿ, ಅಂದರೆ ಕುದುರೆಯ ಬೆನ್ನಿಗೆ ತಾಗುವ ಮೆತ್ತೆಗಳಲ್ಲಿ, ಉಣ್ಣೆ ತುಂಬಿದೆ. ಕೆಲವು ವರ್ಷಗಳಿಂದ ಬಳಸುತ್ತಿದ್ದೇನೆ. ನನ್ನ ಹತ್ತಿರ ಇರುವುದು ಎರಡು ಕುದುರೆ. ಹೆಣ್ಣು ಕುದುರೆಯ ಬೆನ್ನು ಅಗಲ, ವಿದರ್ಸ್ (ಕುತ್ತಿಗೆ ಮುಗಿದು ಬೆನ್ನು ಶುರುವಾಗುವಲ್ಲಿ, ಭುಜಗಳ ನಡುವಿನ ಉಬ್ಬು) ತಗ್ಗು. ಗಂಡು ಥರೋಬ್ರೆಡ್ ಅನ್ನುವ ರೇಸ್ ಕುದುರೆ ತಳಿಯದು, ಅದರ ವಿದರ್ಸ್ ಎತ್ತರ, ಬೆನ್ನು ನಡುವೆ ಸ್ವಲ್ಪ ತಗ್ಗಾಗಿದೆ. ಹೆಣ್ಣು ಕುದುರೆಗೆ ಈ ಜೀನು ಚೆನ್ನಾಗಿ ಕೂತಿದೆ. ಥರೋಬ್ರೆಡ್‌ಗೆ ಯಾವ ಪ್ಲೇಟ್ ಹಾಕಿದರೂ ಕೂರಲಿಲ್ಲ. ಏಕೆ ಅನ್ನುವುದೇ ಈ ವಿಮರ್ಶೆಯ ಮುಖ್ಯ ವಿಷಯ.

ಪ್ಲೇಟ್ ಬದಲಿಸಿದರೆ ಬದಲಾಗುವುದು ಮುಂಭಾಗದ ಅಗಲ ಮಾತ್ರ. ಜೀನಿನ ಒಳಗಿನ ಗಟ್ಟಿ ಚೌಕಟ್ಟಿಗೆ ಟ್ರೀ ಅನ್ನುತ್ತಾರೆ. ಅದರ ಉದ್ದ, ಮುಂದಿನಿಂದ ಹಿಂದಕ್ಕೆ ಅದು ಬಾಗಿರುವ ರೀತಿ, ಪ್ಯಾನೆಲ್‌ಗಳ ಆಕಾರ, ಇವೆಲ್ಲ ಇದ್ದ ಹಾಗೇ ಇರುತ್ತವೆ. ಥರೋಬ್ರೆಡ್ ಮೇಲೆ ಮುಂದೆ ಅಗಲ ಸರಿ ಹೋಯಿತು, ಬೆರಳು ಹಾಕಿ ನೋಡಿದರೆ ವಿದರ್ಸ್ ಮೇಲೆ ಜಾಗವೂ ಇತ್ತು. ಆದರೆ ಪ್ಯಾನೆಲ್ ಕೆಳಗೆ ಅಂಗೈ ಚಪ್ಪಟೆಯಾಗಿ ತೂರಿಸಿ ಹಿಂದಕ್ಕೆ ಜಾರಿಸಿದರೆ ನಡುವೆ ಒತ್ತಡವೇ ಇಲ್ಲ. ಮುಂದೆ ಬಿಗಿ, ಹಿಂದೆ ಬಿಗಿ, ಮಧ್ಯೆ ಖಾಲಿ. ಇದಕ್ಕೆ ಬ್ರಿಜಿಂಗ್ ಅನ್ನುತ್ತಾರೆ. ಸವಾರನ ಭಾರವೆಲ್ಲ ನಾಲ್ಕು ಮೂಲೆಗಳಲ್ಲಿ ಬೀಳುತ್ತದೆ. ಇದರ ತದ್ವಿರುದ್ಧ ತೊಂದರೆಯೂ ಉಂಟು: ಬೆನ್ನು ನೇರ, ಟ್ರೀ ಜಾಸ್ತಿ ಬಾಗಿದ್ದರೆ ನಡುವೆ ಮಾತ್ರ ತಾಗಿ ಜೀನು ತೊಟ್ಟಿಲಿನಂತೆ ಮುಂದೆ ಹಿಂದೆ ತೂಗುತ್ತದೆ. ಎರಡಕ್ಕೂ ಗಲೆಟ್ ಪ್ಲೇಟ್ ಮದ್ದಲ್ಲ. ಆ ಕುದುರೆಗೆ ಈಗ ಬೇರೆ ಟ್ರೀ ಇರುವ ಜೀನು ಹಾಕುತ್ತೇನೆ.

ಜೀನು ಇಡುವ ಜಾಗದ ಬಗ್ಗೆ ಸ್ವಲ್ಪ ಹೇಳಲೇಬೇಕು. ಜಾಗ ತಪ್ಪಿದರೆ ಮುಂದಿನ ಯಾವ ಪರೀಕ್ಷೆಗೂ ಅರ್ಥವಿಲ್ಲ. ಮುಂಗಾಲು ಮುಂದಕ್ಕೆ ಚಾಚಿದಾಗ ಭುಜದ ಮೂಳೆಯ ಮೇಲ್ತುದಿ ಹಿಂದಕ್ಕೆ ಸರಿಯುತ್ತದೆ. ಅದಕ್ಕೆ ಜಾಗ ಬೇಕು. ಆದ್ದರಿಂದ ಜೀನನ್ನು ಸ್ವಲ್ಪ ಮುಂದೆ ಇಟ್ಟು, ಕೂದಲು ಮಲಗಿದ ದಿಕ್ಕಿನಲ್ಲೇ ಹಿಂದಕ್ಕೆ ಜಾರಿಸಬೇಕು. ಅದಾಗಿಯೇ ನಿಲ್ಲುವ ಜಾಗ ಸಿಗುತ್ತದೆ. ಹಿಂದಿನ ಗಡಿ ಕೊನೆಯ ಪಕ್ಕೆಲುಬು. ಕುದುರೆಗೆ ಸಾಮಾನ್ಯವಾಗಿ 18 ಜೊತೆ ಪಕ್ಕೆಲುಬುಗಳಿರುತ್ತವೆ. ಕೊನೆಯದನ್ನು ಬೆರಳಲ್ಲಿ ಹುಡುಕಿ, ಅದು ಬಾಗಿದ ಹಾದಿಯಲ್ಲೇ ಬೆನ್ನೆಲುಬಿನ ತನಕ ಹೋಗಿ. ಭಾರ ಹೊರುವ ಪ್ಯಾನೆಲ್ ಅಲ್ಲಿಂದ ಹಿಂದಕ್ಕೆ ದಾಟಬಾರದು. ಅದರಾಚೆಗಿನ ಸೊಂಟಕ್ಕೆ ಪಕ್ಕೆಲುಬಿನ ಆಸರೆ ಇಲ್ಲ. ನನ್ನ ಹೆಣ್ಣು ಕುದುರೆಯ ಬೆನ್ನು ಗಿಡ್ಡ, ಹಾಗಾಗಿ ಸೀಟ್ ಸೈಜ್ ಆರಿಸುವಾಗ ನನ್ನ ಅನುಕೂಲಕ್ಕಿಂತ ಈ ಗೆರೆಯೇ ಮುಖ್ಯವಾಯಿತು.

ಈ ಜೀನಿನ ಒಳ್ಳೆಯ ಗುಣ ಅಂದರೆ ಕುದುರೆಯ ಮೈ ಬದಲಾದಾಗ ಅದೂ ಜೊತೆಗೆ ಬದಲಾಗಬಲ್ಲದು. ಹೆಣ್ಣು ಕುದುರೆ ಕಾಲುನೋವಿಗೆ ವಿಶ್ರಾಂತಿಯಲ್ಲಿದ್ದಾಗ ವಿದರ್ಸ್ ಹಿಂದಿನ ಸ್ನಾಯು ಇಳಿಯಿತು. ಮತ್ತೆ ಕೆಲಸ ಶುರುವಾದ ಮೇಲೆ ತುಂಬಿಕೊಂಡಿತು. ಎರಡು ಸಲವೂ ಪ್ಲೇಟ್ ಬದಲಿಸಿದೆ. ಪ್ಲೇಟ್ ಬದಲಿಸಲಾಗದ ಜೀನಾಗಿದ್ದರೆ ಇಷ್ಟು ಸುಲಭ ಆಗುತ್ತಿರಲಿಲ್ಲ. ಬದಲಿಸಿದ ಮೇಲೆ ಸಮತೋಲ ನೋಡುವುದನ್ನು ಮಾತ್ರ ಬಿಡಬೇಡಿ. ಪ್ಲೇಟ್ ಜಾಸ್ತಿ ಅಗಲವಾದರೆ ಜೀನಿನ ಮುಂಭಾಗ ಕುಸಿದು ಸವಾರ ಮುಂದಕ್ಕೆ ವಾಲುತ್ತಾನೆ, ವಿದರ್ಸ್‌ಗೂ ತಾಗಬಹುದು. ಕಿರಿದಾದರೆ ಮುಂಭಾಗ ಮೇಲೆದ್ದು ಭಾರ ಹಿಂದೆ ಬೀಳುತ್ತದೆ. ಪಕ್ಕದಿಂದ ನೋಡಿದಾಗ ಸೀಟಿನ ಅತಿ ತಗ್ಗಾದ ಜಾಗ ನಡುವೆ ಇರಬೇಕು. ಸವಾರ ಕೂತ ಮೇಲೂ ವಿದರ್ಸ್ ಮೇಲೆ ಎರಡು ಮೂರು ಬೆರಳು ಜಾಗ ಉಳಿಯಬೇಕು. ಹಿಂದಿನಿಂದ ಬಗ್ಗಿ ನೋಡಿದರೆ ಬೆನ್ನೆಲುಬಿನ ಮೇಲೆ ಉದ್ದಕ್ಕೂ ಬೆಳಕು ಕಾಣಬೇಕು.

ಪ್ಲೇಟ್ ಮೇಲಿನ ನಂಬರ್ ನೋಡಿ ಆರಿಸಬೇಡಿ. ಒಬ್ಬ ತಯಾರಕರ ‘ಮೀಡಿಯಂ’ ಇನ್ನೊಬ್ಬರ ‘ಮೀಡಿಯಂ’ ಅಲ್ಲ. ನಾನು ಬಾಗಿಸಬಹುದಾದ ಸ್ಕೇಲ್ ಒಂದನ್ನು ಭುಜದ ಹಿಂದೆ ಅಡ್ಡಲಾಗಿ ಒತ್ತಿ, ಆ ಆಕಾರವನ್ನು ಕಾಗದದ ಮೇಲೆ ಗೀಚಿ, ತಾರೀಖು ಬರೆದು ಇಟ್ಟುಕೊಳ್ಳುತ್ತೇನೆ. ಮೂರು ನಾಲ್ಕು ಗೆರೆ ಒಂದರ ಮೇಲೊಂದು ಇಟ್ಟರೆ ಬೆನ್ನು ಎಲ್ಲಿ ತುಂಬಿದೆ, ಎಲ್ಲಿ ಇಳಿದಿದೆ ಅಂತ ಗೊತ್ತಾಗುತ್ತದೆ. ಕಣ್ಣಂದಾಜಿನಲ್ಲಿ ಇದು ಖಂಡಿತ ಆಗದು. ಎಡ ಬಲ ಭುಜ ಒಂದೇ ಸಮ ಇರುವ ಕುದುರೆ ಅಪರೂಪ ಅನ್ನುವುದೂ ಈ ಗೆರೆಗಳಲ್ಲೇ ಕಾಣುತ್ತದೆ. ದೊಡ್ಡ ಭುಜಕ್ಕೆ ಹೊಂದುವ ಅಗಲ ಹಾಕಿ, ಚಿಕ್ಕ ಕಡೆಗೆ ತೆಳು ಪ್ಯಾಡ್ ಕೊಡುವುದು ಸರಿಯಾದ ಕ್ರಮ. ಬಿಗಿಯಾದ ಜೀನಿನ ಕೆಳಗೆ ದಪ್ಪ ಪ್ಯಾಡ್ ತುರುಕುವುದನ್ನು ಮಾತ್ರ ಯಾರೂ ಮಾಡಬಾರದು, ಇನ್ನೂ ಬಿಗಿಯಾಗುತ್ತದೆ ಅಷ್ಟೇ.

ಸವಾರಿ ಮುಗಿಸಿ ಜೀನು ತೆಗೆದಾಗ ಬೆವರಿನ ಗುರುತು ನೋಡುವ ಅಭ್ಯಾಸ ಒಳ್ಳೆಯದು. ಆದರೆ ಅದೊಂದನ್ನೇ ನೆಚ್ಚಿಕೊಳ್ಳಬೇಡಿ. ಸುತ್ತ ಒದ್ದೆ, ನಡುವೆ ಒಣ ಜಾಗ ಇದ್ದರೆ ಅಲ್ಲಿ ಒತ್ತಡ ಜಾಸ್ತಿ ಇರಬಹುದು, ಅಥವಾ ಜೀನು ಅಲ್ಲಿ ತಾಗದೇ ಇರಬಹುದು. ಕೈಯಲ್ಲಿ ಒತ್ತಿ ನೋಡಿದಾಗ ಕುದುರೆ ಬೆನ್ನು ತಗ್ಗಿಸುತ್ತದೆಯಾ, ಕಿವಿ ಹಿಂದಕ್ಕೆ ಮಡಚುತ್ತದೆಯಾ ನೋಡಿ. ಬಿಳಿ ಕೂದಲು ಬಂದಮೇಲೆ ಎಚ್ಚರವಾದರೆ ತಡವಾಗಿರುತ್ತದೆ. ಒತ್ತಡ ಕೂದಲಿನ ಬೇರಿಗೆ ಹಾನಿ ಮಾಡಿ, ಕೂದಲು ಮತ್ತೆ ಬೆಳೆದಾಗ ತಾನೇ ಅದು ಬಿಳಿಯಾಗಿ ಕಾಣುವುದು.

ಇನ್ನೊಂದು ವಿಷಯ ಬಹಳ ಮುಖ್ಯ. ಜೀನು ಒಂದು ಕಡೆಗೇ ಜಾರುತ್ತಿದ್ದರೆ ಎಲ್ಲರೂ ಮೊದಲು ಜೀನನ್ನೇ ಬೈಯುತ್ತಾರೆ. ಬ್ರಿಟನ್‌ನಲ್ಲಿ ಪಶುವೈದ್ಯೆಯರಾದ ಲೀನ್ ಗ್ರೀವ್ ಮತ್ತು ಸ್ಯೂ ಡೈಸನ್ ನಡೆಸಿದ ಅಧ್ಯಯನಗಳು ಜೀನು ಜಾರುವುದಕ್ಕೂ ಹಿಂಗಾಲಿನ ಕುಂಟಿಗೂ ನಂಟಿದೆ ಎಂದು ತೋರಿಸಿದವು. ಮರಗಟ್ಟಿಸುವ ಚುಚ್ಚುಮದ್ದಿನಿಂದ ಕಾಲುನೋವು ನಿಂತಾಗ ಬಹುತೇಕ ಕುದುರೆಗಳಲ್ಲಿ ಜಾರುವುದೂ ನಿಂತಿತು. ನನ್ನ ಹೆಣ್ಣು ಕುದುರೆಯ ಕಾಲುನೋವು ಗೊತ್ತಾಗಿದ್ದೂ ಹೀಗೆಯೇ. ಟ್ರಾಟ್‌ನಲ್ಲಿ, ಅಂದರೆ ನಿಧಾನದ ಓಟದಲ್ಲಿ, ಜೀನು ಬಲಕ್ಕೆ ಸರಿಯಲು ಶುರುವಾಯಿತು, ಪಶುವೈದ್ಯರು ಕಾಲು ಪರೀಕ್ಷಿಸಿದರು. ಗರ್ತ್ (ಹೊಟ್ಟೆಯ ಕೆಳಗಿಂದ ಜೀನನ್ನು ಕಟ್ಟುವ ಪಟ್ಟಿ) ಬಿಗಿಯುವಾಗ ಕಚ್ಚಲು ಬರುವ ಕುದುರೆಗೂ ಇದೇ ಮಾತು. ಜೀನು ಕಾರಣವಾಗಿರಬಹುದು, ಹೊಟ್ಟೆಯ ಹುಣ್ಣೂ ಇರಬಹುದು. ನೋವು ಇರುವ ಪ್ರಾಣಿಗೆ ‘ಹಟಮಾರಿ’ ಎಂದು ಹೆಸರಿಡುವುದು ನನಗೆ ಸಹಿಸಲು ಆಗುವುದಿಲ್ಲ.

ಜೀನಿನ ಕೊರತೆಗಳು: ಪ್ಲೇಟ್ ಹಿಡಿದಿಡುವ ಸ್ಕ್ರೂಗಳು ಸಡಿಲವಾಗುತ್ತವೆ, ಆಗಾಗ ನೋಡಬೇಕು. ಸವಾರನ ಕಾಲಡಿ ಇಳಿಬೀಳುವ ಸಿಂಥೆಟಿಕ್ ಫ್ಲಾಪ್‌ಗಳ ಅಂಚುಗಳು ಸ್ವಲ್ಪ ಮುದುರಿವೆ. ಉಣ್ಣೆ ಮೊದಲ ಕೆಲವು ತಿಂಗಳಲ್ಲೇ ಕೂತುಬಿಟ್ಟಿತು, ಮತ್ತೆ ತುಂಬಿಸಬೇಕಾಯಿತು. ಉಣ್ಣೆ ಅಂದಮೇಲೆ ಇದು ಇದ್ದದ್ದೇ, ಅದಕ್ಕೆ ಅಂಕ ಕಡಿಮೆ ಮಾಡುವುದಿಲ್ಲ. ತೊಳೆಯುವುದು ತುಂಬಾ ಸುಲಭ, ಒದ್ದೆ ಬಟ್ಟೆ ಸಾಕು.

ನಿಮ್ಮ ಕುದುರೆಯ ಬೆನ್ನು ಈ ಟ್ರೀಯ ಬಾಗಿಗೆ ಹೊಂದುವುದಾದರೆ, ಮತ್ತು ಕುದುರೆ ಇನ್ನೂ ಬೆಳೆಯುತ್ತಿದ್ದರೆ ಅಥವಾ ವಿಶ್ರಾಂತಿಯಿಂದ ಕೆಲಸಕ್ಕೆ ಮರಳುತ್ತಿದ್ದರೆ ಧೈರ್ಯವಾಗಿ ತೆಗೆದುಕೊಳ್ಳಿ. ಆಕಾರ ತೀರಾ ಬೇರೆ ಇರುವ ಎರಡು ಕುದುರೆಗೆ ಒಂದೇ ಜೀನು ಸಾಕು ಅಂದುಕೊಂಡು ತೆಗೆದುಕೊಳ್ಳಬೇಡಿ. ಆರ್ಡರ್ ಮಾಡುವ ಮೊದಲು ಕುದುರೆ ಮೇಲೆ ಇಟ್ಟು, ಗರ್ತ್ ಕಟ್ಟಿ, ಹತ್ತಿ, ವಾಕ್, ಟ್ರಾಟ್, ಕ್ಯಾಂಟರ್ (ಇನ್ನೂ ಜೋರಿನ ಓಟ) ಮೂರರಲ್ಲೂ ನೋಡಲು ಬಿಡುವವರ ಹತ್ತಿರವೇ ಕೊಳ್ಳಿ. ಹಳೆಯದನ್ನು ಕೊಳ್ಳುವುದಾದರೆ ಟ್ರೀ ಮುರಿದಿಲ್ಲ ಎಂದು ಜೀನು ಕೆಲಸ ಬಲ್ಲವರಿಂದ ಮೊದಲು ಖಚಿತ ಮಾಡಿಸಿಕೊಳ್ಳಿ.