‘ಅಮರ ಪ್ರೇಮ’ ಎಂದು ದೇವದಾಸನನ್ನು ಮಾರುವವರಿಗೆ ಹಣ ಕಟ್ಟಬೇಡಿ

ಶಿವಮೊಗ್ಗದಲ್ಲಿ ‘ಅಮರ ಪ್ರೇಮ’ ಎಂದು ಕರಪತ್ರ ಹಂಚಿ ದೇವದಾಸ್ ಚಿತ್ರಗಳ ಪ್ರದರ್ಶನಕ್ಕೆ ಮುಂಗಡ ಹಣ ಕಟ್ಟಿಸಿಕೊಂಡ ತಂಡವೊಂದು ಈಗ ಸಾಗರ, ತೀರ್ಥಹಳ್ಳಿಗಳಲ್ಲೂ ಟಿಕೆಟ್ ಮಾರುತ್ತಿದೆಯೆಂದು ತಿಳಿದು ಇದನ್ನು ಬರೆಯುತ್ತಿದ್ದೇನೆ. 1935ರಲ್ಲಿ ಬರುವಾ, 1955ರಲ್ಲಿ ಬಿಮಲ್ ರಾಯ್, 2002ರಲ್ಲಿ ಬನ್ಸಾಲಿ ನಿರ್ದೇಶಿಸಿದ ಮೂರು ‘ದೇವದಾಸ್’ ಮತ್ತು ಅದೇ ಕಥೆಯ ಹೊಸ ರೂಪವಾದ 2009ರ ‘ದೇವ್ ಡಿ’, ಕೊನೆಯಲ್ಲಿ ಸಂವಾದ ಎಂದು ಕರಪತ್ರದಲ್ಲಿ ಅಚ್ಚಾಗಿತ್ತು. ಹಳೆಯ ಎರಡನ್ನೂ ತೋರಿಸಲಿಲ್ಲ. ಸಂವಾದವೂ ನಡೆಯಲಿಲ್ಲ. ನಾನು ಹಣ ಕಟ್ಟಿದ್ದೇ ಆ ಸಂವಾದಕ್ಕಾಗಿ.

ಏಕೆಂದರೆ ನನಗೆ ಈ ಕಥೆ ಮೊದಲಿನಿಂದಲೂ ಹಿಡಿಸಿಲ್ಲ. 1917ರಲ್ಲಿ ಪ್ರಕಟವಾದ ಶರಚ್ಚಂದ್ರ ಚಟ್ಟೋಪಾಧ್ಯಾಯರ ಕಾದಂಬರಿಯಲ್ಲಿ ದೇವದಾಸನ ಬಾಲ್ಯದ ಗೆಳತಿ ಪಾರ್ವತಿ ಮಾನಾಪಮಾನ ಲೆಕ್ಕಿಸದೆ ನಡುರಾತ್ರಿಯಲ್ಲಿ ಅವನ ಕೋಣೆಗೆ ಬಂದು ಮದುವೆಯಾಗೆಂದು ಕೇಳಿಕೊಳ್ಳುತ್ತಾಳೆ. ಅಪ್ಪ ಅಮ್ಮನನ್ನು ಎದುರಿಸಲಾಗದ ಅವನು ಕಲ್ಕತ್ತೆಗೆ ಹೋಗಿ ಕಾಗದ ಬರೆದು ಕೈತೊಳೆದುಕೊಳ್ಳುತ್ತಾನೆ. ಮರಳಿ ಬಂದಾಗ ಅವಳು ಒಪ್ಪದಿದ್ದರೆ ಗಾಳದ ಕೋಲಿನಿಂದ ಅವಳ ಹಣೆಗೆ ಹೊಡೆಯುತ್ತಾನೆ. ಇದು ಪ್ರೇಮವೇ? 2002ರ ಚಿತ್ರದಲ್ಲಿ ಆ ಕೋಲು ಹೋಗಿ ಕಂಠೀಹಾರ ಬಂದಿದೆ, ಹೊಡೆತಕ್ಕೂ ಅಲಂಕಾರ ಮಾಡಿದ್ದಾರೆ. ಕಾದಂಬರಿಯಲ್ಲಿ ಒಮ್ಮೆಯೂ ಭೇಟಿಯಾಗದ ಪಾರ್ವತಿಯನ್ನೂ, ದೇವದಾಸನನ್ನು ಪ್ರೀತಿಸುವ ವೇಶ್ಯೆ ಚಂದ್ರಮುಖಿಯನ್ನೂ ಜೊತೆಯಲ್ಲಿ ಕುಣಿಸಿದ್ದಾರೆ. ಕಾದಂಬರಿಯ ಕೊನೆಯಲ್ಲಿ ಸಾಯುವ ಅವನನ್ನು ‘ದೇವ್ ಡಿ’ ಸಾಯಿಸುವುದಿಲ್ಲ ಎಂಬುದೊಂದೇ ಸಮಾಧಾನ, ಆದರೆ ಅಲ್ಲಿಯೂ ಅವನ ಸ್ವಮರುಕಕ್ಕೇ ಕ್ಯಾಮೆರಾ ಮೀಸಲು.

ತೆರೆಯ ಮೇಲೆ ಪಾರ್ವತಿಯ ಹಣೆಯಿಂದ ರಕ್ತ ಇಳಿಯುವಾಗ ಹಿಂದಿನ ಸಾಲಿನಿಂದ ಶಿಳ್ಳೆ ಕೇಳಿಸಿತು. ಪಕ್ಕದಲ್ಲಿ ಕುಳಿತಿದ್ದ, ಕಾಲೇಜಿಗೆ ಹೋಗುವ ತಂಗಿಯ ಮಗಳು ನನ್ನ ಮುಖ ನೋಡಿದಳು. ಇದನ್ನೆಲ್ಲ ಸಂವಾದದಲ್ಲಿ ಕೇಳೋಣ ಎಂದು ಅವಳ ಕಿವಿಯಲ್ಲಿ ಹೇಳಿದೆ. ಚಿತ್ರಗಳು ಮುಗಿಯುತ್ತಿದ್ದಂತೆಯೇ ದೀಪ ಹಾಕಿದರು, ಕುರ್ಚಿ ಎತ್ತತೊಡಗಿದರು. ಮೋಸ ಹೋದೆವೆಂದು ಗೊತ್ತಾದದ್ದು ಆಗ. ಅಷ್ಟು ಜನರ ಮಧ್ಯೆ ಎದ್ದು ನಿಂತು ಸಂವಾದ ಎಲ್ಲಿ ಎಂದು ಕೇಳಿದ್ದಕ್ಕೆ ಸಂಘಟಕರು ಮೈಕಿನಲ್ಲೇ, “ಮೇಡಂ, ಇದು ಕ್ಲಾಸಿಕ್. ಅನುಭವಿಸಬೇಕು, ಪ್ರಶ್ನೆ ಮಾಡಬಾರದು” ಎಂದರು. ಜನ ನಕ್ಕರು. ನಾಚಿಕೆಯಿಂದ ನನಗೆ ಮಾತೇ ಹೊರಡಲಿಲ್ಲ.

ಮರುದಿನ ಹಣ ವಾಪಸ್ ಕೇಳಿ ವಾಟ್ಸಾಪಿನಲ್ಲಿ ಬರೆದೆ. “ಸಿನಿಮಾ ನೋಡಿದ್ದೀರಲ್ಲ, ಯಾವುದಕ್ಕೆ ವಾಪಸ್?” ಎಂಬ ಉತ್ತರ ಬಂತು. ಹಳೆಯ ಎರಡು ಚಿತ್ರಗಳೆಲ್ಲಿ ಎಂದು ಕೇಳಿದೆ. “ಕಪ್ಪು ಬಿಳುಪು ಈಗ ಯಾರು ನೋಡ್ತಾರೆ ಮೇಡಂ?” ಎಂದರು. ಹಾಗಿದ್ದರೆ ಅಚ್ಚು ಹಾಕಿಸಿದ್ದೇಕೆ? ಕರಪತ್ರದ ಫೋಟೋ ಕಳಿಸಿ ಇದನ್ನೇ ಕೇಳಿದೆ. “ನಿಮಗೆ ಪ್ರೀತಿ ಅಂದರೇನೆಂದೇ ಗೊತ್ತಿಲ್ಲ ಅನ್ಸುತ್ತೆ” ಎಂದು ಬರೆದು ನನ್ನ ನಂಬರನ್ನು ಬ್ಲಾಕ್ ಮಾಡಿದರು. ಹಣ ಕೇಳಿದವಳಿಗೆ ಈ ಉತ್ತರ!

ಸಾಗರ, ತೀರ್ಥಹಳ್ಳಿಯವರು ದಯವಿಟ್ಟು ಮುಂಗಡ ಕೊಡಬೇಡಿ. ಯಾವ ಚಿತ್ರ ತೋರಿಸುತ್ತಾರೆ, ಸಂವಾದಕ್ಕೆ ಯಾರು ಬರುತ್ತಾರೆ ಎಂಬುದನ್ನು ಬರಹದಲ್ಲಿ ಪಡೆಯಿರಿ, ಕರಪತ್ರವನ್ನು ಎಸೆಯಬೇಡಿ. ಮನೆಯ ಹೆಣ್ಣುಮಕ್ಕಳನ್ನು ಕರೆದುಕೊಂಡು ಹೋಗುವವರು ಮೊದಲು ಆ ಕಾದಂಬರಿಯನ್ನು ಓದಿಕೊಳ್ಳಿ, ಚಿಕ್ಕದೇ ಇದೆ. ನನ್ನ ಹಣ ಇನ್ನೂ ಬಂದಿಲ್ಲ.