ಗ್ರಂಧಿಗೆ ಅಂಗಡಿ: ಬೇರು, ಕಡ್ಡಿಗೆ ಹೋಗಿ, ಪುಡಿಗೆ ಬೇಡ

ಮಗಳ ಬಾಣಂತನದ ಸಾಮಾನಿಗೆಂದು ಕಳೆದ ಮಳೆಗಾಲದಲ್ಲಿ ಮೊದಲ ಸಲ ಹೋದ ಈ ಅಂಗಡಿಗೆ ಇದುವರೆಗೆ ಐದಾರು ಬಾರಿ ಹೋಗಿಬಂದಿದ್ದೇನೆ. ಬಳ್ಳಾರಿಯ ಬೆಂಗಳೂರು ರಸ್ತೆಯಿಂದ ಒಳಕ್ಕೆ ತಿರುಗುವ ಗಲ್ಲಿಯೊಂದರಲ್ಲಿರುವ ಇದರ ಫಲಕ ಮಾಸಿಹೋಗಿದ್ದು, ಬಜೆಯ ಘಾಟೇ ದಾರಿ ತೋರಿಸುತ್ತದೆ. ಗಿರಾಕಿಗಳಲ್ಲಿ ಒಬ್ಬರು ಅಮೃತಬಳ್ಳಿ ಎಂದರೆ ಇನ್ನೊಬ್ಬರು ತಿಪ್ಪತೀಗ, ಮತ್ತೊಬ್ಬರು ಗಿಲೋಯ್ ಎನ್ನುತ್ತಾರೆ. ಯಜಮಾನರು ಮೂವರಿಗೂ ಒಂದೇ ಡಬ್ಬಿಗೆ ಕೈ ಹಾಕುತ್ತಾರೆ.

ಈ ಅಂಗಡಿಯನ್ನು ನಾನು ಮೆಚ್ಚಲು ಕಾರಣ ಸರಕಿಗಿಂತ ಹೆಚ್ಚಾಗಿ ಅವರು ಕೇಳುವ ಪ್ರಶ್ನೆ. ಒಣಕೆಮ್ಮಿಗೆಂದು ಜ್ಯೇಷ್ಠಮಧು ಕೇಳಿದಾಗ ಅವರು ತಕ್ಕಡಿ ಮುಟ್ಟದೆ, "ಯಾರಿಗ್ರೀ? ಬಿ.ಪಿ. ಐತೇನ್ರೀ?" ಎಂದರು. ನನಗೇ ಎಂದೆ, ಬಿ.ಪಿ. ಇರುವುದನ್ನೂ ಹೇಳಿದೆ, ಕಡ್ಡಿಗಳನ್ನು ಮತ್ತೆ ಡಬ್ಬಿಗೆ ಸುರಿದು ಒಣಶುಂಠಿ ಕಟ್ಟಿಕೊಟ್ಟರು. ಜ್ಯೇಷ್ಠಮಧು ಗಂಟಲಿಗೆ ಹಿತವೆಂಬುದು ನಿಜ, ಆದರೆ ಅದಕ್ಕೆ ಸಿಹಿ ಕೊಡುವ ಗ್ಲಿಸಿರೈಜಿನ್ ಎಂಬ ಅಂಶವೇ ದೇಹದಲ್ಲಿ ಉಪ್ಪು, ನೀರನ್ನು ತಡೆದು ಪೊಟ್ಯಾಸಿಯಮ್ ಇಳಿಸುವುದರಿಂದ, ದಿನವೂ ತಿಂದವರ ರಕ್ತದೊತ್ತಡ ಏರಬಹುದು. ಇದನ್ನು ವೈದ್ಯರಿಂದ ಖಚಿತಪಡಿಸಿಕೊಂಡೆ. ಮಾರಿ ಲಾಭ ಮಾಡಬಹುದಾದ ಸಾಮಾನನ್ನು ಬೇಡವೆಂದು ಹಿಂದಿಟ್ಟ ಅಂಗಡಿಯವರನ್ನು ನಾನು ಹೆಚ್ಚು ಕಂಡಿಲ್ಲ.

ಕಿರಾತಕಡ್ಡಿಯ ವಿಷಯದಲ್ಲೂ ಅವರು ನೇರ. ಅದು ಹಿಮಾಲಯದ ಗಿಡವಾಗಿದ್ದು, ನಮ್ಮ ಕಡೆ ಆ ಹೆಸರಿನಲ್ಲಿ ಅನೇಕ ಕಡೆ ಕಟ್ಟಿಕೊಡುವುದು ನೆಲಬೇವನ್ನು. ಇವರು ಎರಡನ್ನೂ ಬೇರೆ ಬೇರೆ ಇಟ್ಟಿದ್ದಾರೆ. ನೆಲಬೇವಿನ ಕಡ್ಡಿಯನ್ನು ಬೆರಳ ನಡುವೆ ಹೊರಳಿಸಿದರೆ ಅದರ ನಾಲ್ಕು ಮೂಲೆಗಳು ತಾಗುತ್ತವೆ ಎಂದು ನನ್ನ ಕೈಗೇ ಕೊಟ್ಟು ತೋರಿಸಿದರು. ಅಮೃತಬಳ್ಳಿ ಹಸಿಯಾಗಿ ಬಂದಾಗ ಕೊಳ್ಳುವುದು ಮೇಲು. ಅದನ್ನೇ ಹೋಲುವ ಇನ್ನೊಂದು ಬಳ್ಳಿಯ ಕಾಂಡದ ಮೇಲೆ ಗಂಟುಗಂಟಾದ ಉಬ್ಬುಗಳಿರುತ್ತವೆ, ಮುರಿದರೆ ಹಾಲಿನಂಥ ರಸ ಬರುತ್ತದೆ. ಎರಡನ್ನೂ ಒಂದೇ ಎಂದು ತಿಳಿಯಬಾರದೆಂದು ಆಯುಷ್ ಸಚಿವಾಲಯವೇ 2022ರಲ್ಲಿ ಎಚ್ಚರಿಸಿತ್ತು.

ಬಾಣಂತಿ ಸಾಮಾನಿನಲ್ಲಿ ಅಳವಿ, ಅಂಟು, ಉತ್ತುತ್ತಿ, ಅಜವಾನ ಎಲ್ಲವೂ ಶುಚಿಯಾಗಿದ್ದವು. ಅಳವಿಯಲ್ಲಿ ಕಲ್ಲು ಸಿಗದಿದ್ದುದು ನನಗೆ ಆಶ್ಚರ್ಯ. ಆದರೆ ಸಾಣೆಕಲ್ಲಿನ ಮೇಲೆ ತೇಯ್ದು ಕೂಸಿಗೆ ನೆಕ್ಕಿಸಲು ಅವರು ಬಜೆಯನ್ನೂ ಕೇಳದೆಯೇ ಸೇರಿಸಿದ್ದರು. ನನ್ನ ಬಿ.ಪಿ. ವಿಚಾರಿಸಿದವರು ಇಲ್ಲಿ ಸುಮ್ಮನಾದದ್ದು ಸರಿ ಕಾಣಲಿಲ್ಲ. ಬಜೆಯಲ್ಲಿರುವ ಆಸರೋನ್ ಇಲಿಗಳಲ್ಲಿ ಗಡ್ಡೆ ಉಂಟುಮಾಡಿದ ಕಾರಣ ಅಮೆರಿಕವು 1968ರಲ್ಲೇ ಅದನ್ನು ಆಹಾರದಲ್ಲಿ ಬಳಸುವುದನ್ನು ನಿಷೇಧಿಸಿದೆ, ಮೇಲಾಗಿ ಮೊದಲ 6 ತಿಂಗಳು ಕೂಸಿಗೆ ತಾಯಿಹಾಲಲ್ಲದೆ ಬೇರೇನೂ ಬೇಡವೆನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ನಮ್ಮತ್ತೆಯವರ ಸಮಾಧಾನಕ್ಕೆ ಬಜೆ ತುಂಡು ಪೋಣಿಸಿ ಕೂಸಿನ ಕೈಗೆ ಕಟ್ಟಿದೆವು. ಅದು ಕೈಯನ್ನೇ ಬಾಯಿಗಿಡುವುದನ್ನು ಕಂಡು ಮಗಳು ಎರಡೇ ದಿನಕ್ಕೆ ಬಿಚ್ಚಿದಳು.

ನನ್ನ ದೊಡ್ಡ ತಕರಾರು ಪುಡಿಗಳದು. ತ್ರಿಫಲಾ, ಅಶ್ವಗಂಧ, ನೆಲ್ಲಿಪುಡಿಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಬಾಯಿ ಸುಟ್ಟು ಅಂಟಿಸಿರುತ್ತಾರೆಯೇ ಹೊರತು ಯಾವಾಗ ಕುಟ್ಟಿದ್ದೆಂಬ ತಾರೀಖು ಒಂದರ ಮೇಲೂ ಇಲ್ಲ. ಕಾಲು ಕಿಲೋ ತ್ರಿಫಲಾ ತಂದು ಮನೆಯಲ್ಲಿ ಬಿಚ್ಚಿದರೆ ತಳದಲ್ಲಿ ಗಂಟು ಕಟ್ಟಿತ್ತು, ಗಂಟು ಒಡೆದಾಗ ಒಳಗೆ ಸಣ್ಣ ಹುಳುಗಳು ಓಡಾಡಿದವು. ಮರುದಿನ ತೋರಿಸಿದಾಗ ಅವರು ವಾದಿಸದೆ ಬದಲಿಸಿಕೊಟ್ಟರು. ಬದಲಿ ಚೀಲದ ಮೇಲೂ ತಾರೀಖಿರಲಿಲ್ಲ. ಈಗ ನಾನು ಅಳಲೆಕಾಯಿ, ತಾರೆಕಾಯಿ, ಒಣನೆಲ್ಲಿಯನ್ನು ಇಡಿಯಾಗಿ ತಂದು, ಬೀಜ ತೆಗೆದ ಮೇಲೆ ಸಮತೂಕಕ್ಕೆ ಬೆರೆಸಿ, ತಿಂಗಳಿಗೆ ಬೇಕಾದಷ್ಟೇ ಕುಟ್ಟಿಕೊಳ್ಳುತ್ತೇನೆ. ಅಳಲೆ ಕುಟ್ಟುವುದು ಸುಲಭವಲ್ಲ, ಮಿಕ್ಸರ್‌ನ ಬ್ಲೇಡು ಒಂದು ಹೋಗಿದೆ.

ಮಧ್ಯಾಹ್ನ ಊಟದ ಹೊತ್ತಿಗೆ ಬಾಗಿಲು ಹಾಕಿರುತ್ತಾರೆ, ಅಮಾವಾಸ್ಯೆಯಂದು ತೆಗೆಯುವುದೇ ಇಲ್ಲ. ಸಂಜೆ ಯಜಮಾನರ ಬದಲು ಗಲ್ಲೆಯ ಮೇಲೆ ಕೂರುವ ಹುಡುಗ ಕೇಳಿದ್ದನ್ನು ತೂಗಿ ಕೊಡುತ್ತಾನೆಯೇ ಹೊರತು ಯಾರಿಗೆ, ಏಕೆ ಎಂದು ವಿಚಾರಿಸುವುದಿಲ್ಲ. ಆದ್ದರಿಂದ ಸಕ್ಕರೆ ಕಾಯಿಲೆಗೋ ಥೈರಾಯ್ಡಿಗೋ ಮಾತ್ರೆ ನುಂಗುವವರು ಬೆಳಿಗ್ಗೆಯೇ ಹೋಗಿ.